ಹಳೆ ಟೈರ್ ಓದಿ, ಆಮೇಲೆ ಹೊಸದಕ್ಕೆ ಕೈ ಹಾಕಿ

ಬೈಕ್‌ಗೆ ಟೈರ್ ಆರಿಸುವಾಗ ಹೆಚ್ಚಿನವರ ಕಣ್ಣ ಮುಂದೆ ಇರುವುದು ತಾವು ಓಡಿಸಬೇಕೆಂದು ಆಸೆಪಡುವ ರೀತಿ. ದಿನಾ ಓಡಿಸುವ ರೀತಿ ಆ ಹೊತ್ತಿಗೆ ಮರೆತೇ ಹೋಗಿರುತ್ತದೆ. ಹಾಗಾಗಿ ವಾರಕ್ಕೆ ಆರು ದಿನ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಗಾಡಿ ರೇಸಿಂಗ್ ಟೈರ್ ಹಾಕಿಕೊಂಡು ನಿಂತಿರುತ್ತದೆ. ವರ್ಷಕ್ಕೆ ಎರಡು ಸಲ ಮಣ್ಣಿನ ದಾರಿ ಕಾಣುವ ಗಾಡಿಯಲ್ಲಿ ಬಟನ್ ಟೈರ್ ಗುಂಯ್‌ಗುಡುತ್ತಿರುತ್ತದೆ. ನಿಮ್ಮ ಓಟದ ಬಗ್ಗೆ ನಿಮಗಿಂತ ಚೆನ್ನಾಗಿ ಗೊತ್ತಿರುವುದು ಸವೆದುಹೋದ ಟೈರ್‌ಗೆ. ಅದನ್ನು ಬಿಚ್ಚಿ ಎಸೆಯುವ ಮುಂಚೆ ಹತ್ತು ನಿಮಿಷ ನೋಡಿ.

ಹಳೆ ಟೈರ್ ಏನು ಹೇಳುತ್ತದೆ

ಗಾಡಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂಬದಿ ಕುಕ್ಕರಗಾಲಲ್ಲಿ ಕೂತು ಚಕ್ರವನ್ನು ನಿಧಾನವಾಗಿ ತಿರುಗಿಸಿ. ಮಧ್ಯಭಾಗ ಚಪ್ಪಟೆಯಾಗಿ, ಎರಡೂ ಪಕ್ಕದಲ್ಲಿ ಟ್ರೆಡ್, ಅಂದರೆ ನೆಲಕ್ಕೆ ತಾಗುವ ಗೀರುಗಳ ಮೈ, ಹೊಸದರಂತೆಯೇ ಉಳಿದಿದ್ದರೆ ನಿಮ್ಮ ಓಟ ಬಹುಪಾಲು ನೇರ ರಸ್ತೆಯದು: ಊರೊಳಗಿನ ಓಡಾಟ ಇಲ್ಲವೇ ಹೆದ್ದಾರಿ. ಅಂಚಿನಲ್ಲಿ ಒಂದು ಬೆರಳಗಲದ ಪಟ್ಟಿ ಮುಟ್ಟದೆ ಉಳಿದಿದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಸಾಮಾನ್ಯ ರಸ್ತೆಯಲ್ಲಿ ಆ ಪಟ್ಟಿ ಇರಲೇಬೇಕು, ತುರ್ತಿಗೆ ಕೈಯಲ್ಲಿರುವ ಉಳಿತಾಯ ಅದು. ಮಧ್ಯಕ್ಕಿಂತ ಭುಜಗಳೇ, ಅಂದರೆ ಟ್ರೆಡ್‌ನ ಎರಡು ಪಕ್ಕಗಳೇ, ಮೊದಲು ಸವೆದಿದ್ದರೆ ಮಾತ್ರ ನೀವು ನಿಜವಾಗಿ ತಿರುವುಗಳ ಸವಾರ.

ಮುಂದಿನ ಚಕ್ರದ ಟೈರ್‌ನಲ್ಲಿ ಕಣ್ಣಿಗಿಂತ ಅಂಗೈ ಹೆಚ್ಚು ಹೇಳುತ್ತದೆ. ಟ್ರೆಡ್ ಮೇಲೆ ಅಂಗೈ ಇಟ್ಟು ಒಮ್ಮೆ ಚಕ್ರ ತಿರುಗುವ ದಿಕ್ಕಿಗೆ, ಒಮ್ಮೆ ಎದುರು ದಿಕ್ಕಿಗೆ ಸವರಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಕೈಗೆ ಸಿಕ್ಕಿದರೆ ಟ್ರೆಡ್ ತುಂಡುಗಳ ಒಂದು ಅಂಚು ಮಾತ್ರ ಸವೆಯುತ್ತಿದೆ ಎಂದರ್ಥ. ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಆ ತುಂಡುಗಳು ಒಂದೇ ಕಡೆಗೆ ಬಾಗುತ್ತವೆ, ಹಾಗಾಗಿ ಸ್ವಲ್ಪ ಮಟ್ಟಿಗೆ ಇದು ಸಹಜ. ತೀರಾ ಎದ್ದು ಕಾಣುವಷ್ಟಿದ್ದರೆ ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ, ಇಲ್ಲವೇ ಫೋರ್ಕ್‌ನ (ಮುಂದಿನ ಚಕ್ರ ಹಿಡಿದ ಸಸ್ಪೆನ್ಷನ್ ಕೊಳವೆಗಳ) ಎಣ್ಣೆ ಸತ್ತುಹೋಗಿದೆ. ಹಾಗೆ ಬಿಟ್ಟು ಹೊಸ ಟೈರ್ ಹಾಕಿಸಿದರೆ ಅದಕ್ಕೂ ಇದೇ ಗತಿ.

ಪಕ್ಕದ ಗೋಡೆಯಲ್ಲಿ ಸುತ್ತಲೂ ಓಡುವ ಸಣ್ಣ ಬಿರುಕುಗಳು ಕಂಡರೆ ಕಾರಣ ವಯಸ್ಸು, ಬಿಸಿಲು ಅಥವಾ ಗಾಳಿ ಕಡಿಮೆ ಇರುವಾಗ ಹೊತ್ತ ಭಾರ. ಹಿಂದಿನ ಟೈರ್ ಒಂದೇ ಮಗ್ಗುಲಲ್ಲಿ ಹೆಚ್ಚು ಸವೆದಿದ್ದರೆ ಚೈನ್ ಬಿಗಿ ಮಾಡುವಾಗ ಚಕ್ರ ನೇರ ಕೂತಿಲ್ಲದಿರಬಹುದು. ಅದನ್ನೂ ಹೊಸ ಟೈರ್ ಹಾಕುವ ಮುಂಚೆಯೇ ಸರಿಮಾಡಿಸಿ.

ಗೋಡೆಯ ಮೇಲಿನ ಬರಹ

ಒಂದು ಉದಾಹರಣೆ: 120/70 ಝಡ್‌ಆರ್ 17 ಎಂ/ಸಿ 58ಡಬ್ಲ್ಯೂ. 120 ಎಂಬುದು ಮಿಲಿಮೀಟರಿನಲ್ಲಿ ಅಗಲ. 70 ಎಂದರೆ ಗೋಡೆಯ ಎತ್ತರ ಅಗಲದ ಶೇ. 70, ಅಂದರೆ 84 ಮಿಮೀ. ಝಡ್ ಎಂದರೆ ಹೆಚ್ಚು ವೇಗಕ್ಕೆ ಮಾಡಿದ್ದು, ಆರ್ ಎಂದರೆ ರೇಡಿಯಲ್ (ಒಳಗಿನ ದಾರ ಕಟ್ಟಿದ ಒಂದು ರೀತಿ, ಮುಂದೆ ನೋಡೋಣ). 17 ರಿಮ್‌ನ ವ್ಯಾಸ, ಇಂಚಿನಲ್ಲಿ. ಎಂ/ಸಿ ಎಂದರೆ ಮೋಟಾರ್ ಸೈಕಲ್‌ಗೆಂದೇ ಮಾಡಿದ್ದು. 58 ಭಾರದ ಸಂಕೇತ, ಡಬ್ಲ್ಯೂ ವೇಗದ ಸಂಕೇತ.

ವೇಗದ ಅಕ್ಷರಗಳನ್ನು ಪೂರ್ತಿ ಬಾಯಿಪಾಠ ಮಾಡಬೇಕಿಲ್ಲ. ಪಿ ಎಂದರೆ ಗಂಟೆಗೆ 150 ಕಿಮೀ, ಎಸ್ 180, ಎಚ್ 210, ವಿ 240, ಡಬ್ಲ್ಯೂ 270. ಎಚ್ ಅಕ್ಷರ ಮಾತ್ರ ವರ್ಣಮಾಲೆಯ ಸಾಲು ಬಿಟ್ಟು ಯು ಆದಮೇಲೆ ಬಂದು ಕೂತಿದೆ, ಗೊಂದಲ ಬೇಡ. ಗಾಡಿಯ ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ ಅಕ್ಷರದ ಟೈರ್ ಹಾಕಬೇಡಿ. ಹೆಚ್ಚಿನದು ಹಾಕಬಹುದು, ಆದರೆ ಅಷ್ಟರಿಂದಲೇ ಹಿಡಿತ ಹೆಚ್ಚುವುದಿಲ್ಲ.

ಎಲ್ಲರೂ ಉಪೇಕ್ಷಿಸುವುದು ಭಾರದ ಅಂಕಿಯನ್ನು. 51 ಎಂದರೆ 195 ಕಿಲೋ, 55 ಎಂದರೆ 218, 57 ಎಂದರೆ 230, 58 ಎಂದರೆ 236, 62 ಎಂದರೆ 265. ಲೆಕ್ಕ ಹಾಕಿ ನೋಡಿ: ಗಾಡಿ 180 ಕಿಲೋ, ಸವಾರ 75, ಹಿಂದೆ ಕೂತವರು 65, ಲಗೇಜು 20, ಒಟ್ಟು 340. ಡಬಲ್ಸ್ ಹೋಗುವಾಗ ಇದರಲ್ಲಿ ಶೇ. 60ರಿಂದ 65 ಹಿಂದಿನ ಚಕ್ರದ ಮೇಲೆ ಬೀಳುತ್ತದೆ ಎಂದಿಟ್ಟುಕೊಂಡರೆ 204ರಿಂದ 221 ಕಿಲೋ. 51 ಸಂಕೇತದ ಟೈರ್ ಇಲ್ಲಿ ಸೋಲುತ್ತದೆ, 56 (224 ಕಿಲೋ) ಅಥವಾ ಅದಕ್ಕಿಂತ ಮೇಲಿನದೇ ಬೇಕು. ಭಾರ ಮೀರಿದ ಟೈರ್ ಅಂದೇ ಸಿಡಿಯುವುದಿಲ್ಲ. ಗೋಡೆ ಸುತ್ತು ಸುತ್ತಿಗೂ ಹೆಚ್ಚು ಬಾಗಿ ಒಳಗೆ ಕಾವು ಏರುತ್ತದೆ, ಪದರಗಳ ನಡುವಿನ ಅಂಟು ಸಡಿಲವಾಗುತ್ತದೆ, ಒಂದು ದಿನ ಟ್ರೆಡ್ ಮೇಲೆ ಉಬ್ಬು ಏಳುತ್ತದೆ.

ಇನ್ನೊಂದು ಮಾತು. ಗೋಡೆಯ ಮೇಲೆ ಅಚ್ಚಾಗಿರುವ ಗಾಳಿಯ ಒತ್ತಡ ಆ ಗರಿಷ್ಠ ಭಾರ ಹೊರಲು ಬೇಕಾದದ್ದು. ದಿನಾ ಹಾಕಿಸಬೇಕಾದ ಒತ್ತಡ ಗಾಡಿಯ ಕೈಪಿಡಿಯಲ್ಲಿ, ಅಥವಾ ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದ ತೋಳು) ಇಲ್ಲವೇ ಚೈನ್ ಕವರ್ ಮೇಲಿನ ಸ್ಟಿಕ್ಕರ್‌ನಲ್ಲಿ ಇರುತ್ತದೆ.

ದಪ್ಪ ಟೈರಿನ ಮೋಹ

ಹಿಂದೆ ಅಗಲವಾದ ಟೈರ್ ಇದ್ದರೆ ಗಾಡಿ ಗತ್ತಾಗಿ ಕಾಣುತ್ತದೆ, ಒಪ್ಪೋಣ. ಆದರೆ ಟೈರಿನ ಆಕಾರವನ್ನು ತೀರ್ಮಾನಿಸುವುದು ರಿಮ್‌ನ ಅಗಲ. ಅದು ರಿಮ್ ಮೇಲೆಯೇ ಅಚ್ಚಾಗಿರುತ್ತದೆ, 17 × ಎಂಟಿ 3.50 ಎಂಬ ರೀತಿಯಲ್ಲಿ. ಇದರಲ್ಲಿ 3.50 ಇಂಚಿನ ಅಗಲ. 120/70-17 ಟೈರ್ 3.50 ರಿಮ್‌ಗೆ ಸರಿಯಾಗಿ ಕೂರುತ್ತದೆ, 180/55-17ಕ್ಕೆ 5.50 ಬೇಕು. 2.15 ಇಂಚಿನ ಸಪೂರ ರಿಮ್‌ಗೆ 90/90 ಹೊಂದುತ್ತದೆ. ಅದೇ ರಿಮ್‌ಗೆ 130 ಅಗಲದ ಟೈರ್ ತುರುಕಿದರೆ ಎರಡೂ ಬೀಡ್‌ಗಳು (ರಿಮ್‌ನಲ್ಲಿ ಕೂರುವ ಟೈರಿನ ಗಟ್ಟಿ ಅಂಚುಗಳು) ಹತ್ತಿರ ಬಂದು ಟೈರ್ ಮೇಲ್ಭಾಗ ಮೊಟ್ಟೆಯ ತುದಿಯ ಹಾಗೆ ಉಬ್ಬಿಕೊಳ್ಳುತ್ತದೆ. ನೇರ ಓಡುವಾಗ ನೆಲಕ್ಕೆ ತಾಗುವ ಜಾಗ ಹೆಚ್ಚುವ ಬದಲು ಕಡಿಮೆಯಾಗುತ್ತದೆ, ಮಧ್ಯಭಾಗ ಬೇಗ ಬೋಳಾಗುತ್ತದೆ, ಗಾಡಿ ವಾಲಲು ಮೊಂಡುತನ ಮಾಡುತ್ತದೆ, ಮೈಲೇಜೂ ಇಳಿಯುತ್ತದೆ. ಹಾಕಿಸಿದ ದುಡ್ಡಿಗೆ ಸಿಕ್ಕಿದ್ದು ನೋಟ ಮಾತ್ರ.

ಒಂದು ಹೆಜ್ಜೆ ಅಗಲ ಮಾಡಬೇಕೆಂದರೆ ಎತ್ತರದ ಲೆಕ್ಕ ತಪ್ಪಿಸಬೇಡಿ. 100/90-17 ಟೈರಿನ ಹೊರ ವ್ಯಾಸ 431.8 ಮಿಮೀ ರಿಮ್ ಮತ್ತು ಎರಡು ಸಲ 90, ಒಟ್ಟು 611.8 ಮಿಮೀ. ಅದರ ಬದಲು 110/80-17 ಹಾಕಿದರೆ 607.8, ನಾಲ್ಕೇ ಮಿಲಿಮೀಟರ್ ವ್ಯತ್ಯಾಸ, ಗಾಡಿಗೆ ಗೊತ್ತೂ ಆಗುವುದಿಲ್ಲ. 110/70-17 ಹಾಕಿದರೆ 585.8ಕ್ಕೆ ಇಳಿಯಿತು. ಆಕ್ಸಲ್ 13 ಮಿಮೀ ಕೆಳಗೆ ಬಂತು. ಇದು ಮುಂದಿನ ಚಕ್ರವಾದರೆ ಫೋರ್ಕ್‌ನ ಕೋನ ಕಡಿದಾಗಿ ಹ್ಯಾಂಡಲ್ ಚಂಚಲವಾಗುತ್ತದೆ. ಸ್ಪೀಡೋಮೀಟರ್ ಆ ಚಕ್ರದಿಂದ ಓದುತ್ತಿದ್ದರೆ ಶೇ. 4ರಷ್ಟು ಹೆಚ್ಚು ವೇಗ ತೋರಿಸುತ್ತದೆ. ಅಗಲ ಮಾಡಿದ ಮೇಲೆ ಚೈನ್, ಮಡ್‌ಗಾರ್ಡ್, ಸ್ವಿಂಗ್‌ಆರ್ಮ್ ಮೂರಕ್ಕೂ ಟೈರ್ ತಾಗುತ್ತದೆಯೇ ನೋಡಿ. ನಿಂತಾಗ ಸ್ವಲ್ಪ ಸಂದು ಕಂಡರೆ ಸಾಲದು: ವೇಗದಲ್ಲಿ ಟೈರ್ ಹಿಗ್ಗುತ್ತದೆ, ಚೈನ್‌ಗೆ ಕೆಸರು ಮೆತ್ತಿಕೊಳ್ಳುತ್ತದೆ.

ನೈಲಾನ್ ಕಟ್ಟು, ರೇಡಿಯಲ್ ಕಟ್ಟು

ಬಯಾಸ್ ಅಥವಾ ನೈಲಾನ್ ಟೈರಿನಲ್ಲಿ ದಾರದ ಪದರಗಳು ಒಂದರ ಮೇಲೊಂದು ಓರೆಯಾಗಿ ಅಡ್ಡಹಾಯುತ್ತವೆ. ಗೋಡೆ ಬಿಗಿ. ಹೊಂಡಕ್ಕೆ ಬಿದ್ದರೂ, ಹೆಚ್ಚು ಭಾರ ಹೇರಿದರೂ ತಡೆದುಕೊಳ್ಳುತ್ತದೆ. ಆದರೆ ಹೆಚ್ಚು ವೇಗದಲ್ಲಿ ಬಹಳ ಹೊತ್ತು ಓಡಿದರೆ ಕಾವು ಒಳಗೇ ಉಳಿಯುತ್ತದೆ. ರೇಡಿಯಲ್‌ನಲ್ಲಿ ದಾರಗಳು ಒಂದು ಬೀಡ್‌ನಿಂದ ಇನ್ನೊಂದಕ್ಕೆ ನೇರವಾಗಿ ಹೋಗುತ್ತವೆ, ಟ್ರೆಡ್ ಕೆಳಗೆ ಸುತ್ತಲೂ ಒಂದು ಪಟ್ಟಿ ಬಿಗಿದಿರುತ್ತದೆ. ಗೋಡೆ ಮೃದುವಾಗಿ ಬಾಗಿದರೂ ಟ್ರೆಡ್ ಚಪ್ಪಟೆಯಾಗಿ ನೆಲ ಹಿಡಿಯುತ್ತದೆ, ಕಾವು ಬೇಗ ಆರುತ್ತದೆ.

ಹಾಗೆಂದು ರೇಡಿಯಲ್ ಯಾವಾಗಲೂ ಮೇಲು ಎಂದೇನಿಲ್ಲ. ಗಂಟೆಗೆ 60–80 ಕಿಮೀ ಒಳಗೆ ಓಡುವ, ಡಬಲ್ಸ್ ಹೊರುವ, ಕೆಟ್ಟ ರಸ್ತೆಯ ಸಣ್ಣ ಗಾಡಿಗೆ ನೈಲಾನ್ ಕಟ್ಟೇ ಬಾಳಿಕೆ ಕೊಡುತ್ತದೆ. ಒಂದು ಚಕ್ರಕ್ಕೆ ಇದು, ಇನ್ನೊಂದಕ್ಕೆ ಅದು ಎಂದು ಬೆರೆಸಬೇಡಿ. ಗಾಡಿ ತಯಾರಕರೇ ಹಾಗೆ ಕೊಟ್ಟಿದ್ದರೆ ಮಾತ್ರ ಸರಿ. ಮುಂದೆ ರೇಡಿಯಲ್, ಹಿಂದೆ ನೈಲಾನ್ ಎಂಬ ಜೋಡಿಯಂತೂ ಬೇಡವೇ ಬೇಡ. ಎರಡೂ ಬಾಗುವ ರೀತಿ ಬೇರೆಯಾದ್ದರಿಂದ ವೇಗದ ತಿರುವಿನಲ್ಲಿ ಗಾಡಿ ತೊನೆಯುತ್ತದೆ.

ಯಾವ ಓಟಕ್ಕೆ ಯಾವ ರಬ್ಬರು

ರಬ್ಬರು ಮೆತ್ತಗಿದ್ದಷ್ಟೂ ಹಿಡಿತ ಹೆಚ್ಚು, ಆಯಸ್ಸು ಕಡಿಮೆ. ಉಳಿದದ್ದೆಲ್ಲ ಈ ಕೊಡುಕೊಳ್ಳುವಿಕೆಯನ್ನು ಜಾಣತನದಿಂದ ಹೊಂದಿಸುವ ಕಸರತ್ತು. ಮಧ್ಯದಲ್ಲಿ ಗಟ್ಟಿ, ಎರಡೂ ಭುಜದಲ್ಲಿ ಮೆತ್ತನೆಯ ರಬ್ಬರು ಹಾಕಿದ ಡ್ಯುಯಲ್ ಕಾಂಪೌಂಡ್ ಟೈರ್ ಬಂದದ್ದು ಇದಕ್ಕೇ. ಸಿಲಿಕಾ ಬೆರೆಸಿದ ರಬ್ಬರು ಚಳಿಯಲ್ಲೂ ಮಳೆಯಲ್ಲೂ ಬಿರುಸಾಗದೆ ನೆಲ ಹಿಡಿಯುತ್ತದೆ. ಮಳೆಯಲ್ಲಿ ಕಚೇರಿಗೆ ಹೋಗುವವರು ಟ್ರೆಡ್ ವಿನ್ಯಾಸಕ್ಕಿಂತ ಮೊದಲು ಇದನ್ನೇ ಕೇಳಬೇಕು.

ಊರೊಳಗಿನ ದಿನನಿತ್ಯದ ಓಟಕ್ಕೆ ಬೇಕಾದದ್ದು ಗಟ್ಟಿ ಮಧ್ಯಭಾಗ, ನೀರು ಹೊರಹಾಕುವ ಆಳವಾದ ಗೀರುಗಳು, ಮೊದಲ ಬ್ರೇಕಿಗೇ ಸಿಗುವ ಹಿಡಿತ. ಸಿಗ್ನಲ್ ಓಟದಲ್ಲಿ ಟೈರ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಹಾಗಾಗಿ ತಣ್ಣಗಿದ್ದಾಗ ಚೆನ್ನಾಗಿ ಕೆಲಸ ಮಾಡುವ ಟೈರೇ ಇಲ್ಲಿ ಸುರಕ್ಷಿತ. ರೇಸ್ ಟ್ರ್ಯಾಕ್‌ನ ಸ್ಲಿಕ್‌ಗಳನ್ನು, ಅಂದರೆ ಗೀರಿಲ್ಲದ ನುಣ್ಣನೆಯ ಟೈರ್‌ಗಳನ್ನು, ಓಟಕ್ಕೆ ಮುಂಚೆ ಬಿಸಿ ಹೊದಿಕೆ ಸುತ್ತಿ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತರುತ್ತಾರೆ. ಆ ಜಾತಿಯ ರಬ್ಬರು ಕಚೇರಿಯ ದಾರಿಯಲ್ಲಿ ಆ ಕಾವನ್ನು ಎಂದೂ ಮುಟ್ಟುವುದಿಲ್ಲ. ಮೊದಲ ತಿರುವಿನಲ್ಲೇ ಜಾರಿದರೆ ತಪ್ಪು ಟೈರಿನದಲ್ಲ, ಆರಿಸಿದವರದು.

ದೂರದ ಹೆದ್ದಾರಿ ಓಟಕ್ಕೆ ಸ್ಪೋರ್ಟ್ ಟೂರಿಂಗ್ ಎಂಬ ಬಗೆ ಇದೆ. ದೊಡ್ಡ ಗಾಡಿಗಳಿಗೆ ನಮ್ಮ ಮೊದಲ ಸಲಹೆ ಇದೇ. ಹಿಂದಿನ ಟೈರ್ 10,000 ಕಿಮೀ ಆಸುಪಾಸು ಬಾಳುವುದು ಸಾಮಾನ್ಯ, ಮಳೆಯಲ್ಲೂ ನಂಬಬಹುದು. ಅದೇ ಗಾಡಿಗೆ ಮೆತ್ತನೆಯ ಸ್ಪೋರ್ಟ್ ಟೈರ್ ಹಾಕಿದರೆ ಅದರ ಅರ್ಧವೂ ಬಾಳದಿರಬಹುದು. ಅದೂ ಭುಜದ ಮೆತ್ತನೆ ರಬ್ಬರು ಹಾಗೇ ಉಳಿದು, ಮಧ್ಯ ಚಪ್ಪಟೆಯಾಗಿ. ಚಪ್ಪಟೆಯಾದ ಟೈರ್ ತಿರುವಿಗೆ ಇಳಿಯುವಾಗ ಮೊದಲು ತಡೆಯುತ್ತದೆ, ಆಮೇಲೆ ಆ ಅಂಚು ದಾಟಿದೊಡನೆ ದಡಕ್ಕನೆ ಬೀಳುತ್ತದೆ. ಎಷ್ಟೋ ಜನ ಇದನ್ನು ಸಸ್ಪೆನ್ಷನ್ ದೋಷ ಎಂದುಕೊಂಡು ಶಾಕ್ ಬದಲಿಸಲು ಹೊರಡುತ್ತಾರೆ.

ಘಟ್ಟದ ತಿರುವುಗಳೇ ನಿಮ್ಮ ಭಾನುವಾರವಾದರೆ, ಹಳೆ ಟೈರಿನ ಭುಜಗಳೂ ಅದಕ್ಕೆ ಸಾಕ್ಷಿ ಹೇಳಿದರೆ, ರಸ್ತೆಗೆಂದೇ ಮಾಡಿದ ಸ್ಪೋರ್ಟ್ ಟೈರ್ ಹಾಕಿಸಿ. ಇವುಗಳ ಮೇಲ್ಭಾಗ ಹೆಚ್ಚು ಚೂಪು, ಗಾಡಿ ಬೇಗ ವಾಲುತ್ತದೆ, ವಾಲಿದಾಗ ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ. ಬೆಳಿಗ್ಗೆ ಹೊರಟ ಮೊದಲ ಕೆಲವು ಕಿಲೋಮೀಟರ್ ಅವಸರ ಬೇಡ. ಹಾವಾಡಿಸಿದಂತೆ ಗಾಡಿ ಅತ್ತಿತ್ತ ಓಲಾಡಿಸಿದರೆ ಟೈರ್ ಬಿಸಿಯಾಗುತ್ತದೆ ಎಂಬುದು ಬರೀ ನಂಬಿಕೆ. ನೇರದಲ್ಲಿ ಹದವಾಗಿ ವೇಗ ಏರಿಸಿ ಬ್ರೇಕ್ ಹಿಡಿಯುವುದೇ ಟೈರನ್ನು ಬಿಸಿ ಮಾಡುವುದು.

ಡಾಂಬರು ಮತ್ತು ಮಣ್ಣು ಎರಡರಲ್ಲೂ ಓಡುವ ಗಾಡಿಗಳಲ್ಲಿ ಆಯ್ಕೆ ಹೆಚ್ಚು ಕಷ್ಟ. ಟೈರಿನ ವಿವರದಲ್ಲಿ 80/20, 50/50 ಎಂದೆಲ್ಲ ಬರೆದಿರುತ್ತದೆ: ಶೇ. 80 ರಸ್ತೆ, 20 ಮಣ್ಣು ಎಂದು. ಇದು ತಯಾರಕರದೇ ಅಂದಾಜು. ಒಬ್ಬರ 50/50 ಇನ್ನೊಬ್ಬರ 70/30. ಟ್ರೆಡ್‌ನಲ್ಲಿ ರಬ್ಬರೆಷ್ಟು, ಖಾಲಿ ಜಾಗವೆಷ್ಟು ಎಂದು ನೀವೇ ನೋಡಿ. ಬಟನ್‌ಗಳ ನಡುವೆ ಹೆಬ್ಬೆರಳು ಆರಾಮವಾಗಿ ಕೂತರೆ ಅದು ಮಣ್ಣಿನ ಟೈರ್. ಕೆಸರಿನಲ್ಲಿ ಆ ಖಾಲಿ ಜಾಗ ಮಣ್ಣನ್ನು ಕಚ್ಚಿ ಹೊರಗೆಸೆಯುತ್ತದೆ. ಡಾಂಬರಿನಲ್ಲಿ ಮಾತ್ರ ಅದೇ ಬಟನ್ ಭಾರಕ್ಕೆ ಅತ್ತಿತ್ತ ಬಾಗುತ್ತದೆ: ಬ್ರೇಕ್ ಹಿಡಿದಾಗ ನಿಲ್ಲುವ ದೂರ ಹೆಚ್ಚುತ್ತದೆ, ಒದ್ದೆ ರಸ್ತೆಯಲ್ಲಿ ವಾಲಿಸಲು ಧೈರ್ಯ ಬರುವುದಿಲ್ಲ, ದೊಡ್ಡ ಗಾಡಿಯಲ್ಲಾದರೆ ಹಿಂದಿನದು 4,000–5,000 ಕಿಮೀಗೇ ಮುಗಿಯಬಹುದು. ಒಣ ಜಲ್ಲಿ, ಗಟ್ಟಿ ಮಣ್ಣಿನ ದಾರಿಗೆ 80/20 ಸಾಕು. ಕೆಸರು, ಸಡಿಲ ಮರಳು ಇದ್ದರೆ ಮಾತ್ರ ಬಟನ್. ಬಟನ್ ಟೈರಿನ ವೇಗದ ಅಕ್ಷರ ಗಾಡಿಯ ಗರಿಷ್ಠ ವೇಗಕ್ಕಿಂತ ಕೆಳಗಿರುವುದುಂಟು. ಹಾಗಿದ್ದರೆ ಆ ಮಿತಿಯನ್ನು ಸ್ಪೀಡೋಮೀಟರ್ ಪಕ್ಕ ಬರೆದು ಅಂಟಿಸಿಕೊಳ್ಳಿ.

ಕ್ರೂಸರ್ ಗಾಡಿಯವರಿಗೆ ಹೇಳುವುದು ಒಂದೇ: ಭಾರದ ಸಂಕೇತ ಮೊದಲು, ಬಾಳಿಕೆ ಆಮೇಲೆ, ಬಿಳಿ ಅಂಚಿನ ಅಂದ ಕೊನೆಗೆ.

ಟ್ಯೂಬ್ ಇರುವುದೋ, ಇಲ್ಲದ್ದೋ

ಅಲಾಯ್ ಚಕ್ರವಾದರೆ ಬಹುತೇಕ ಟ್ಯೂಬ್‌ಲೆಸ್. ಮೊಳೆ ಚುಚ್ಚಿದರೂ ಗಾಳಿ ನಿಧಾನವಾಗಿ ಇಳಿಯುತ್ತದೆ, ನಿಲ್ಲಿಸಲು ಸಮಯ ಸಿಗುತ್ತದೆ. ಸ್ಪೋಕ್ ರಿಮ್‌ನಲ್ಲಿ ಸ್ಪೋಕ್ ಬಿಗಿಯುವ ನಿಪ್ಪಲ್ ತೂತುಗಳಿಂದ ಗಾಳಿ ಸೋರುವುದರಿಂದ ಟ್ಯೂಬ್ ಬೇಕು. ಅದಕ್ಕೆಂದೇ ಮುಚ್ಚಿದ ಅಥವಾ ಅಂಚಿನಲ್ಲಿ ಸ್ಪೋಕ್ ಕೂರಿಸಿದ ರಿಮ್‌ಗಳು ಬೇರೆ. ಟ್ಯೂಬ್ ರಿಮ್‌ಗೆ ಟ್ಯೂಬ್‌ಲೆಸ್ ಟೈರ್ ಹಾಕಿ ಒಳಗೆ ಟ್ಯೂಬ್ ತುಂಬುವುದು ರೂಢಿಯಲ್ಲಿದೆ. ಟೈರ್ ತಯಾರಕರು ಒಪ್ಪಿದ್ದರೆ, ಟ್ಯೂಬ್ ಅದೇ ಅಳತೆಯದಾದರೆ ಅಡ್ಡಿಯಿಲ್ಲ. ಟೈರ್ ಹೊಸದಾದರೆ ಟ್ಯೂಬೂ ಹೊಸದೇ ಇರಲಿ. ಹಿಗ್ಗಿದ ಹಳೆ ಟ್ಯೂಬ್ ಒಳಗೆ ಮಡಚಿಕೊಂಡು ಆ ಮಡಿಕೆಯಲ್ಲೇ ಸವೆದು ತೂತಾಗುತ್ತದೆ.

ಕೊಳ್ಳುವಾಗ, ಹಾಕಿಸುವಾಗ

ಗೋಡೆಯ ಮೇಲೆ ಉದ್ದುದ್ದದ ಗುಂಡು ಆವರಣದೊಳಗೆ ನಾಲ್ಕು ಅಂಕಿ ಇರುತ್ತದೆ. 2324 ಎಂದರೆ 2024ರ 23ನೇ ವಾರ. ಒಂದು ಮಗ್ಗುಲಲ್ಲಿ ಕಾಣದಿದ್ದರೆ ತಿರುವಿ ಹಾಕಿ ನೋಡಿ. ನೆರಳಿನಲ್ಲಿ ಇಟ್ಟ ಒಂದೆರಡು ವರ್ಷದ ಟೈರ್‌ಗೆ ಹೆದರಬೇಕಿಲ್ಲ, ಆದರೆ ಗಾಜಿನ ಕಿಟಕಿಯಲ್ಲಿ ಬಿಸಿಲು ತಿನ್ನುತ್ತ ನಿಂತದ್ದು ಬೇಡ. ಬಳಕೆಗೆ ಬಂದು ಐದು ವರ್ಷವಾದ ಟೈರನ್ನು ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಿ, ತಯಾರಾಗಿ ಹತ್ತು ವರ್ಷವಾದದ್ದನ್ನು ಟ್ರೆಡ್ ಎಷ್ಟೇ ಉಳಿದಿದ್ದರೂ ತೆಗೆದುಹಾಕಿ.

ಮುಂದೆ–ಹಿಂದೆ ಎರಡೂ ಒಂದೇ ಮಾದರಿಯ ಜೋಡಿಯಾದರೆ ಒಳ್ಳೆಯದು, ಅವುಗಳ ಆಕಾರ ಒಂದಕ್ಕೊಂದು ಹೊಂದುವಂತೆ ಮಾಡಿರುತ್ತಾರೆ. ಹಿಂದಿನದು ಬೇಗ ಸವೆಯುವುದರಿಂದ ಅದನ್ನಷ್ಟೇ ಬದಲಿಸುವುದೂ ಸರಿ, ಮುಂದಿನದು ಗರಗಸದ ಹಲ್ಲಿನಂತೆ ಸವೆದಿಲ್ಲದಿದ್ದರೆ.

ಹಾಕಿಸುವಾಗ ಪಕ್ಕದಲ್ಲಿ ನಿಂತು ಐದು ವಿಷಯ ಗಮನಿಸಿ. ಗೋಡೆಯ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇರಬೇಕು. ಹಳದಿ ಚುಕ್ಕೆಯಿದ್ದರೆ ಅದು ವಾಲ್ವ್ ಪಕ್ಕಕ್ಕೇ ಬರಬೇಕು, ಟೈರಿನ ಹಗುರ ಭಾಗ ಅದು. ಬೀಡ್‌ಗೆ ಸೋಪಿನ ನೀರು ಅಥವಾ ಟೈರ್ ಪೇಸ್ಟ್ ಹಚ್ಚಬೇಕು. ಗ್ರೀಸ್, ಎಂಜಿನ್ ಆಯಿಲ್ ರಬ್ಬರನ್ನು ಕೆಡಿಸುತ್ತವೆ. ಟ್ಯೂಬ್‌ಲೆಸ್ ಆದರೆ ವಾಲ್ವ್ ಹೊಸದು. ಕೊನೆಯದಾಗಿ, ರಿಮ್ ಅಂಚಿನ ಪಕ್ಕ ಟೈರ್ ಮೇಲೆ ಸುತ್ತಲೂ ಒಂದು ತೆಳು ಗೆರೆ ಇದೆ. ಗಾಳಿ ತುಂಬಿದ ಮೇಲೆ ಆ ಗೆರೆ ರಿಮ್‌ನಿಂದ ಎಲ್ಲ ಕಡೆ ಸಮದೂರದಲ್ಲಿರಬೇಕು. ಒಂದು ಕಡೆ ಒಳಗೆ ಹೂತಿದ್ದರೆ ಬೀಡ್ ಅಲ್ಲಿ ಕೂತಿಲ್ಲ. ಹಾಗೇ ಓಡಿಸಿದರೆ ಚಕ್ರ ಕುಪ್ಪಳಿಸುತ್ತದೆ. ಬ್ಯಾಲೆನ್ಸ್ ತೂಕ ಎಷ್ಟು ಅಂಟಿಸಿದರೂ ಅದು ಹೋಗುವುದಿಲ್ಲ.

ಗಾಳಿ, ಮತ್ತು ಮೊದಲ ಕಿಲೋಮೀಟರುಗಳು

ಹೊಸ ಟೈರಿನ ಮೈ ನುಣುಪು. ಮೊದಲ 150 ಕಿಮೀ ಸೌಮ್ಯವಾಗಿ ಓಡಿಸಿ, ವಾಲುವುದನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸಿ. ಮಧ್ಯಭಾಗ ಒರಟಾಗಿದ್ದರೂ ಭುಜದಲ್ಲಿ ಇನ್ನೂ ಹೊಳಪಿದ್ದರೆ ಆ ಭಾಗ ಹದಕ್ಕೆ ಬಂದಿಲ್ಲ. ಟೈರ್‌ಗೆ ಹೊಳಪಿನ ಪಾಲಿಶ್ ಹಚ್ಚುವ ಸೇವೆಯನ್ನು ನಯವಾಗಿ ಬೇಡವೆನ್ನಿ.

ಗಾಳಿಯನ್ನು ಟೈರ್ ತಣ್ಣಗಿದ್ದಾಗಲೇ ನೋಡಬೇಕು: ಬೆಳಿಗ್ಗೆ ಹೊರಡುವ ಮುಂಚೆ, ಇಲ್ಲವೇ ನಿಲ್ಲಿಸಿ ಮೂರು ಗಂಟೆಯಾದ ಮೇಲೆ. ಓಡಿ ಬಂದ ಟೈರ್‌ನಲ್ಲಿ ಒತ್ತಡ ಏರಿರುತ್ತದೆ. ಆಗ ಹೆಚ್ಚಾಗಿದೆಯೆಂದು ಗಾಳಿ ಹೊರಬಿಟ್ಟರೆ ಮರುದಿನ ಕಡಿಮೆಯಾಗಿರುತ್ತದೆ. ಡಬಲ್ಸ್‌ಗೆ, ಲಗೇಜಿಗೆ ಕೈಪಿಡಿಯಲ್ಲಿ ಬೇರೆ ಅಂಕಿಯಿರುತ್ತದೆ. ಅದು ಹಿಂದಿನ ಚಕ್ರಕ್ಕೆ ಮುಖ್ಯ. ಕೆಸರು, ಮರಳಿನಲ್ಲಿ ಗಾಳಿ ಇಳಿಸಿದರೆ ಹಿಡಿತ ಹೆಚ್ಚುವುದು ನಿಜ. ಆದರೆ ಅದೇ ಒತ್ತಡದಲ್ಲಿ ಕಲ್ಲಿಗೆ ಗುದ್ದಿದರೆ ರಿಮ್ ಡೊಂಕಾಗುತ್ತದೆ, ಟ್ಯೂಬ್ ಕಲ್ಲು–ರಿಮ್ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಡಾಂಬರಿಗೆ ಹತ್ತುವ ಮುಂಚೆ ಮತ್ತೆ ತುಂಬಲು ಪಂಪ್ ಜೊತೆಗಿದ್ದರೆ ಮಾತ್ರ ಇಳಿಸಿ.

ಟ್ಯೂಬ್‌ಲೆಸ್ ಪಂಕ್ಚರ್‌ಗೆ ಟ್ರೆಡ್ ಭಾಗದಲ್ಲಿ 6 ಮಿಮೀವರೆಗಿನ ತೂತಾದರೆ ಒಳಗಿನಿಂದ ಪ್ಯಾಚ್ ಹಾಕಿಸಬಹುದು. ಹೊರಗಿನಿಂದ ತುರುಕುವ ಬತ್ತಿ ಮನೆ ಮುಟ್ಟಲು ಮಾತ್ರ. ಗೋಡೆಯಲ್ಲಿ ತೂತಾದರೆ ರಿಪೇರಿಯೇ ಇಲ್ಲ.

ಗೀರುಗಳ ತಳದಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಗೋಡೆಯ ಮೇಲಿನ ಟಿಡಬ್ಲ್ಯೂಐ ಗುರುತಿನಿಂದ ಮೇಲಕ್ಕೆ ನೇರ ನೋಡಿದರೆ ಸಿಗುತ್ತವೆ. ಟ್ರೆಡ್ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಾಗ ಟೈರ್ ಮುಗಿಯಿತು. ಮಳೆಗಾಲ ಎದುರಿಗಿದ್ದರೆ ಅಲ್ಲಿಯವರೆಗೆ ಕಾಯದೆ 2 ಮಿಮೀ ಉಳಿದಿರುವಾಗಲೇ ಬದಲಿಸಿ. 1,000 ಕಿಮೀ ಆದ ಮೇಲೆ ಇನ್ನೊಮ್ಮೆ ಹಿಂಬದಿ ಕುಕ್ಕರಗಾಲಲ್ಲಿ ಕೂತು ಮಧ್ಯ ಮತ್ತು ಭುಜದ ಆಳ ಅಳೆದು, ಮುಂದಿನ ಟೈರಿನ ಮೇಲೆ ಅಂಗೈ ಸವರಿ, ಅಂಕಿಗಳನ್ನು ಸರ್ವೀಸ್ ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ಟೈರ್ ಆರಿಸುವಾಗ ಆ ಪುಟವನ್ನು ತೆಗೆದು ನೋಡಿ.